‘ರೀ, ಒಂದು ಕನಸು ಬಿತ್ತು’

ಅಧ್ಯಕ್ಷತೆ ವಹಿಸಿರುವ ಪ್ರಾಂಶುಪಾಲರೇ, ನನ್ನನ್ನು ಹೊಗಳಿ ದಣಿದು ಈಗ ನೀರು ಕುಡಿಯುತ್ತಿರುವ ಮುಖ್ಯ ಅತಿಥಿಗಳೇ, ತತ್ತ್ವಶಾಸ್ತ್ರ ವಿಭಾಗದ ಗೆಳೆಯರೇ, ಮುಂದಿನ ಸಾಲಿನಲ್ಲಿರುವ ನನ್ನ ಮನೆಯವರೇ, ಮಗಳೇ, ನನ್ನ ಪಾಠದಲ್ಲಿ ನಿದ್ದೆ ಮಾಡಿ ನನ್ನ ಸಂಶೋಧನೆಗೆ ನೆರವಾದ ಹಳೆಯ ವಿದ್ಯಾರ್ಥಿಗಳೂ ಸೇರಿದಂತೆ ಸಮಸ್ತ ಸಭಿಕರೇ,

ಇದು ನನ್ನ ಬೀಳ್ಕೊಡುಗೆ ಸಮಾರಂಭವಂತೆ. ಆದರೆ ಪ್ರಾಂಶುಪಾಲರು, ನಿವೃತ್ತರಾದರೂ ಇನ್ನು ಮೂರು ವರ್ಷ ಇಲ್ಲೇ ಪಾಠ ಮಾಡಿ ಎಂದು ದುಂಬಾಲು ಬಿದ್ದಿದ್ದಾರೆ. ಒಂದು ಕೈಯಲ್ಲಿ ಹಾರ, ಇನ್ನೊಂದು ಕೈಯಲ್ಲಿ ಟೈಮ್‌ಟೇಬಲ್! ನನ್ನ ಉತ್ತರವನ್ನು ಕೊನೆಯಲ್ಲಿ ಹೇಳುತ್ತೇನೆ. ಮನೆಯಲ್ಲಿ ಕೇಳಿದಾಗಲೂ ‘ನೋಡೋಣ’ ಎಂದಷ್ಟೇ ಹೇಳಿದ್ದೇನೆ.

ನನ್ನ ಜೀವಮಾನವೆಲ್ಲ ಒಂದೇ ಪ್ರಶ್ನೆಯಲ್ಲಿ ಕಳೆಯಿತು. ಮಲಗಿದವನು ಯೋಚಿಸುತ್ತಾನೆಯೇ? ಗಾಢನಿದ್ದೆಯಿಂದ ಎದ್ದವನು ‘ಹಾಯಾಗಿ ಮಲಗಿದ್ದೆ’ ಎನ್ನುತ್ತಾನೆ. ಹಾಯಾಗಿತ್ತು ಎಂದು ಅವನಿಗೆ ಹೇಳಿದವರು ಯಾರು? ಒಳಗೆ ಯಾರೋ ಎಚ್ಚರವಾಗಿದ್ದರು ಅಲ್ಲವೇ? ಇದು ನನ್ನ ಪಕ್ಷ. ಎದುರು ಪಕ್ಷದವರು ಕನಸೇ ಇಲ್ಲ ಎನ್ನುತ್ತಾರೆ. ಎದ್ದ ಮೇಲೆ ನಾವು ಹೇಳುವ ಕಥೆಗೇ ಕನಸು ಎಂದು ಹೆಸರು, ಅಷ್ಟೇ ಎನ್ನುತ್ತಾರೆ. ಎಂಥ ಅನ್ಯಾಯ! ಈ ವಾದದ ವಿರುದ್ಧ ನಾನು ಗಂಟಲು ಹರಿದುಕೊಂಡಿದ್ದೇನೆ.

ನನಗೆ ಸಾಕ್ಷಿ ಬೇರೆಲ್ಲೂ ಹುಡುಕಬೇಕಾಗಲಿಲ್ಲ. ನನ್ನ ಮನೆಯವಳು ಗಣಿತದ ಟೀಚರ್. ಲೆಕ್ಕ ತಪ್ಪಿದರೆ ನಿದ್ದೆ ಬಾರದ ಹೆಂಗಸು. ಆದರೆ ಅವಳಿಗೆ ಬೀಳುವಂಥ ಕನಸು ಕವಿಗಳಿಗೂ ಬೀಳುವುದಿಲ್ಲ. ನಾನು ಬೆಳಿಗ್ಗೆ ಪೇಪರಿನಲ್ಲಿ ಮುಳುಗಿದ್ದಾಗ ಮನೆಗೆ ಬೆಂಕಿ ಬಿದ್ದರೂ ‘ಹ್ಞೂಂ’ ಎನ್ನುವವನು. ‘ರೀ, ಒಂದು ಕನಸು ಬಿತ್ತು’ ಅಂದಳೆಂದರೆ ಪೇಪರು ಕೆಳಗೆ!

ಒಮ್ಮೆ ಹೇಳಿದಳು: ‘ಅಡುಗೆಮನೆ ತುಂಬ ಹಸಿರು ನೀರು ಕಣ್ರೀ. ನಿಮ್ಮಮ್ಮ ದೋಣೀಲಿ ಕೂತ್ಕೊಂಡು ನಲ್ಲಿ ಹುಡುಕ್ತಿದ್ರು.’ ನಿದ್ದೆಯಲ್ಲಿ ಬಣ್ಣ ಕಾಣುತ್ತದೆಂಬುದಕ್ಕೆ ಇದಕ್ಕಿಂತ ದೊಡ್ಡ ಆಧಾರ ಬೇಕೆ? ಇದರ ಮೇಲೆ ಪ್ರಬಂಧ ಬರೆದೆ. ಆ ಉತ್ಸಾಹದಲ್ಲೇ ಸೋರುತ್ತಿದ್ದ ನಲ್ಲಿಯನ್ನೂ ರಿಪೇರಿ ಮಾಡಿಸಿದೆ.

ಯಾಕೆ ನಗುತ್ತಿದ್ದೀರಿ?

ಇನ್ನೊಂದು ಕೇಳಿ. ಮಗಳು ಹಡಗಿನ ಎಂಜಿನಿಯರಿಂಗ್ ಓದುತ್ತೇನೆ ಎಂದು ಹಟ ಹಿಡಿದಿದ್ದಳು. ನಾನು ಸುತರಾಂ ಒಪ್ಪಿರಲಿಲ್ಲ. ಆಗೊಂದು ಕನಸು: ‘ಕೆಂಪು ಹಡಗು. ಇವಳೇ ಓಡಿಸ್ತಿದ್ದಾಳೆ. ನೀವು ದಡದಲ್ಲಿ ನಿಂತು ಇಳಿ ಇಳಿ ಅಂತ ಕೂಗ್ತಿದ್ದೀರ, ನಿಮ್ಮ ದನಿಯೇ ಹೊರಡ್ತಿಲ್ಲ.’ ಮೂರು ದಿನ ತಲೆ ಕೆಡಿಸಿಕೊಂಡೆ. ಕೊನೆಗೆ ಅದು ನನ್ನದೇ ಭಯವೆಂದು ಹೊಳೆದು, ಓದು ಎಂದೆ. ಇವತ್ತು ಅವಳು ರಜೆ ಹಾಕಿ ಹಡಗಿನಿಂದಲೇ ಬಂದಿದ್ದಾಳೆ...

ಇದೇನು, ತಾಯಿ ಮಗಳಿಬ್ಬರೂ ಕರವಸ್ತ್ರ ಬಾಯಿಗೆ ಒತ್ತಿಕೊಂಡಿದ್ದೀರಿ?

ಒಂದು ನಿಮಿಷ, ಸಭಿಕರೇ. ನಲ್ಲಿ. ಹಡಗು. ನನ್ನ ಕಣ್ಣಿನ ಪರೀಕ್ಷೆ, ಅದೂ ಕನಸಿನಿಂದಲೇ ಆದದ್ದು. ನನ್ನ ಮನೆಯವಳ ತಂಗಿಯ ಜತೆಗಿನ ನನ್ನ ಮುನಿಸು ಮುರಿದದ್ದೂ ಕನಸಿನಿಂದಲೇ.

ಅಯ್ಯೋ ದೇವರೇ.

ನೀವೆಲ್ಲ ಆಗಲೇ ಕಂಡುಕೊಂಡದ್ದು ನನಗೆ ಈಗ ತಿಳಿಯಿತು. ತತ್ತ್ವಶಾಸ್ತ್ರದವನಿಗೆ ಸ್ವಲ್ಪ ತಡವಾಗುತ್ತದೆ, ಕ್ಷಮಿಸಿ. ಕನಸೆಂದರೆ ಎದ್ದ ಮೇಲೆ ಕಟ್ಟುವ ಕಥೆ ಎನ್ನುವವರಿಗೆ ನನ್ನ ಮನೆಯಲ್ಲೇ ಒಬ್ಬ ಕಟ್ಟಾಳು ಇದ್ದಳು! ನನ್ನ ವಾದ ಬಿದ್ದುಹೋಯಿತು. ನಗಿ, ಧಾರಾಳವಾಗಿ ನಗಿ, ನನಗೂ ನಗು ಬರುತ್ತಿದೆ.

ಆದರೆ ಹೋದ ವಾರ ಅವಳು ಒಂದು ಕನಸು ಹೇಳಿದಳು. ‘ನಾವಿಬ್ರೂ ರೈಲಲ್ಲಿ ಎದುರುಬದುರು ಕೂತಿದ್ವಿ. ನಿಮ್ಮ ಕೈಯಲ್ಲಿ ಪುಸ್ತಕ ಇರ್ಲಿಲ್ಲ. ನನ್ನ ಜತೆ ಮಾತಾಡ್ತಾ ಇದ್ರಿ. ಅಷ್ಟೇ.’ ನಾನು ಕೇಳಿದ್ದೇನು ಗೊತ್ತೇ? ‘ಬೋಗಿ ಯಾವ ಬಣ್ಣದ್ದು?’ ‘ನೆನಪಿಲ್ಲ’ ಎಂದು ಚಹಾದ ಲೋಟ ಎತ್ತಿಕೊಂಡು ಒಳಗೆ ಹೋದಳು. ಯಾವತ್ತೂ ಬಣ್ಣ ಮರೆಯದವಳು. ಈ ಸಲ ನನ್ನನ್ನು ಮೆಚ್ಚಿಸಲು ಏನನ್ನೂ ಸೇರಿಸಿರಲಿಲ್ಲ. ಅಷ್ಟು ಆಸೆಪಟ್ಟು ಹೇಳಿದ್ದಳು, ನಾನು ಬಣ್ಣ ಕೇಳಿದೆ.

ಪ್ರಾಂಶುಪಾಲರೇ, ಒಪ್ಪಿದೆ ಎಂದು ಹೇಳಲೇ ಇಲ್ಲಿಗೆ ಬಂದಿದ್ದೆ. ಆಗುವುದಿಲ್ಲ. ಮೂರು ವರ್ಷವಲ್ಲ, ಮೂರು ದಿನವೂ ಆಗುವುದಿಲ್ಲ. ತಮ್ಮ ವಿಶ್ವಾಸಕ್ಕೆ ನಾನು ಋಣಿ.

ನೋಡೇ, ಸಭೆಯಲ್ಲಿ ಹೀಗೆ ಮಾತಾಡಬಾರದು ಅಂತ ನನಗೆ ಗೊತ್ತು. ಇನ್ಮೇಲೆ ಕನಸು ಕಟ್ಟೋ ಕಷ್ಟ ನಿನಗೆ ಬೇಡ. ನಾಳೆಯೇ ಹೊರಡೋಣ. ಎಲ್ಲಿಗೆ ಅಂತ ನೀನು ಹೇಳು.

ಸಭಿಕರೇ, ಭಾಷಣ ಇನ್ನೂ ಎರಡು ಪುಟ ಉಳಿದಿದೆ, ಇರಲಿ. ಹೂಮಾಲೆ ಕಟ್ಟಿದವರಿಗೆ, ಮೈಕಿನವರಿಗೆ, ನಿಮಗೆಲ್ಲರಿಗೂ ಹೃದಯ ತುಂಬಿದ ಧನ್ಯವಾದ. ಇಷ್ಟು ಹೊತ್ತು ನಗುತ್ತಿದ್ದವಳು ಈಗ ಅಳುತ್ತಿದ್ದಾಳೆ. ನಾನು ಕೆಳಗಿಳಿಯಬೇಕು. ನಮಸ್ಕಾರ.