ಹೂಂ ಅನ್ನುವವರೆಗೆ

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ನಾನು ಇದನ್ನ ಹೇಳಿ ಮುಗಿಸೋವರೆಗೂ ಯಾರೂ ಹೂಂಗುಟ್ಟಬೇಡಿ. ಕೆಮ್ಮಿ, ಆಕಳಿಸಿ, ಬೇಕಾದ್ರೆ ಮಲಗಿಬಿಡಿ. ಹೂಂ ಮಾತ್ರ ಬೇಡ. ಯಾಕೆ ಅಂತ ಆಮೇಲೆ ನಿಮಗೇ ಗೊತ್ತಾಗುತ್ತೆ.

ಇದು ಯಾರೋ ಎಲ್ಲೋ ಹೇಳಿದ್ದಲ್ಲ. ನಮ್ಮ ದೊಡ್ಡಪ್ಪನ ಮಗ, ಲ್ಯಾಪ್‌ಟಾಪ್ ರಿಪೇರಿ ಅಂಗಡಿ ಇಟ್ಟಿರೋ ಅಣ್ಣ, ಅವನಿಗೆ ಆಗಿದ್ದು. ಕೊನೇದಂತೂ ನನ್ನೆದುರೇ ಆಯ್ತು.

ಅವತ್ತು ಅಂಗಡಿ ಬಾಗಿಲು ಎಳೆದು ಹೊರಟಾಗ ಹತ್ತೂವರೆ. ಮನೆಗೆ ಹೋಗೋ ದಾರೀಲಿ ಒಂದು ಹಳೇ ಬಾವಿ. ನೀರಿಲ್ಲ, ಮೇಲೆ ಕಬ್ಬಿಣದ ಜಾಲರಿ ಹಾಕಿದ್ದಾರೆ. ಬೀದಿದೀಪದ ಬೆಳಕು ಅಲ್ಲಿವರೆಗೆ ಬರಲ್ಲ. ಅಣ್ಣನ ಚಪ್ಪಲಿ ಸದ್ದೊಂದೇ... ಚಟ್, ಚಟ್, ಚಟ್. ಬಾವಿ ದಾಟಿದ. ಆಗ ಅವನ ಎದೆ ಹತ್ರ "ಟಿಕ್" ಅಂತು.

ನಿಂತ.

"ಇಲಿ... ಚೀಲದಿಂದ ತಲೆ ಹೊರಗೆ ಹಾಕ್ತು..."

ಸಣ್ಣ ದನಿ. ಹಲ್ಲಿನಲ್ಲೇ ಹುಟ್ಟಿ ಹಲ್ಲಿನಲ್ಲೇ ಮುಗಿಯೋ ದನಿ. ಅಷ್ಟು ಹೇಳಿ ಸುಮ್ಮನಾಯ್ತು. ಮೊಬೈಲ್ ಇರಬೇಕು ಅಂದ್ಕೊಂಡ. ಅದು ಪ್ಯಾಂಟ್ ಜೇಬಲ್ಲಿ, ಚಾರ್ಜ್ ಮುಗಿದು ಸಂಜೆಯೇ ಆಫ್ ಆಗಿತ್ತು. ಸದ್ದು ಬಂದಿದ್ದು ಶರ್ಟ್ ಜೇಬಿಂದ. ಅಲ್ಲಿದ್ದಿದ್ದು ಎರಡು ಸ್ಪೀಕರ್. ಬೆಂಕಿಪೊಟ್ಟಣಕ್ಕಿಂತ ಚಿಕ್ಕವು. ಬ್ಯಾಟರಿ ಇಲ್ಲ, ಏನಿಲ್ಲ. ಕತ್ತರಿಸಿದ ವೈರಿನ ತುದಿ ಜೇಬಿಂದ ಹೊರಗೆ ಇಣುಕ್ತಾ ಇತ್ತು.

ಅವು ಅವನ ಜೇಬಿಗೆ ಹೇಗೆ ಬಂದ್ವು ಅಂತ ಹೇಳ್ತೀನಿ, ತಾಳಿ.

ಅಂಗಡಿ ಎದುರು ಸಾಲಿನಲ್ಲಿ ಬಟ್ಟೆ ಹೊಲಿಯೋ ಒಬ್ಬ ಹೆಂಗಸು ಇದ್ರು. ಟೈಲರ್ ಅಕ್ಕ ಅಂತಲೇ ಎಲ್ಲರೂ ಕರೀತಿದ್ದಿದ್ದು. ಗಂಡ ತೀರಿಕೊಂಡು ಎರಡು ವರ್ಷ. ಐದು ವರ್ಷದ ಮಗಳು, ಪುಟ್ಟಿ. ಅವತ್ತು ಮಧ್ಯಾಹ್ನ ಆ ಅಕ್ಕ ಒಂದು ಪುಟಾಣಿ ಲ್ಯಾಪ್‌ಟಾಪ್ ತಂದು ಮೇಜಿನ ಮೇಲಿಟ್ರು. ಅಗ್ಗದ್ದು. ಸ್ಪೀಕರ್ ಎರಡೂ ಹೊಟ್ಟೆ ಅಡಿಗೆ, ನೆಲ ನೋಡಿಕೊಂಡು ಇರ್ತವಲ್ಲ, ಅಂಥದ್ದು. ಹಾಸಿಗೆ ಮೇಲಿಟ್ರೆ ಬಾಯಿಗೆ ಬಟ್ಟೆ ತುರುಕಿದ ಹಾಗೆ. ಅದಕ್ಕೇ ಮನೇಲಿ ಸ್ಟೀಲ್ ತಟ್ಟೆ ಮೇಲಿಟ್ಟು ಕೇಳ್ತಿದ್ರಂತೆ.

ಕೇಳ್ತಿದ್ದಿದ್ದು ಒಂದೇ ಒಂದು ರೆಕಾರ್ಡಿಂಗ್. ಗಂಡ ರಟ್ಟಿನ ಪೆಟ್ಟಿಗೆ ಫ್ಯಾಕ್ಟರೀಲಿ ರಾತ್ರಿ ಪಾಳಿ. ಮಗಳು ಮಲಗೋ ಹೊತ್ತಿಗೆ ಮನೇಲಿ ಇರ್ತಿರಲಿಲ್ಲ. ಅದಕ್ಕೆ ಕೆಲಸಕ್ಕೆ ಹೊರಡೋ ಮುಂಚೆ ಕತೆ ಹೇಳಿ ಲ್ಯಾಪ್‌ಟಾಪಿನಲ್ಲಿ ಹಾಕಿಟ್ಟು ಹೋಗ್ತಿದ್ರು. ಒಂದು ಇಲಿ ಚೀಲದೊಳಗೆ ನಿದ್ದೆ ಹೋಗಿ, ಚೀಲ ಲಾರಿ ಹತ್ತಿ, ಇಲಿ ಎಲ್ಲೋ ದೂರದಲ್ಲಿ ಇಳಿದು, ನಡಕೊಂಡು ಮನೆ ಹುಡುಕ್ತಾ ಬರೋ ಕತೆ. ದಿನಾ ಹಿಂದಿನ ದಿನದ್ದು ಅಳಿಸಿ ಹೊಸದು ಹೇಳೋರು. ಮಗು ಹೂಂ ಅನ್ನಲಿ ಅಂತ ನಡುವೆ ನಡುವೆ ಜಾಗ ಬಿಡೋರು. ಕೊನೇ ದಿನ ಹನ್ನೊಂದು ನಿಮಿಷ ಹೇಳಿ, "ಉಳಿದಿದ್ದು ನಾಳೆ" ಅಂದು ಎದ್ದು ಹೋದ್ರು. ದಾರೀಲಿ ಅಪಘಾತ. ಅಷ್ಟೇ.

ಅಕ್ಕನ ದೂರು ಏನು ಅಂದ್ರೆ, ಆ ರೆಕಾರ್ಡಿಂಗಿನಲ್ಲಿ ಗಂಡನ ದನಿಯೇ ಇಲ್ಲ. ಅವರದು ಗುಡುಗಿನಂಥ ಗಂಟಲಂತೆ. ಪಕ್ಕದ ಕೋಣೇಲಿ ಮಾತಾಡಿದ್ರೆ ಲೋಟ ಅದುರೋದಂತೆ. ಈ ಡಬ್ಬದಲ್ಲಿ ಬರೋದು ಬರೀ ಸ, ಚ, ಟ.

"ಮಗು ಇದೇ ಅವಳಪ್ಪ ಅಂದ್ಕೊಂಡಿದೆ" ಅಂದ್ರಂತೆ. "ಅವರು ಹೀಗಿರಲಿಲ್ಲ. ಸ್ವಲ್ಪ ಸರಿ ಮಾಡಿಕೊಡಿ."

ಅಣ್ಣ ಸಮಾಧಾನ ಹೇಳಿದ. ಕಾಸಿಗೆ ತಕ್ಕ ಕಜ್ಜಾಯ ಅಕ್ಕ, ದಪ್ಪ ದನಿಗೆ ಗಾಳಿ ತಳ್ಳಬೇಕು, ಹೆಬ್ಬೆರಳ ಉಗುರಿನಷ್ಟು ಪರದೆ ಎಷ್ಟು ಅಂತ ತಳ್ಳುತ್ತೆ, ಅಂತ. ದನಿ ರೆಕಾರ್ಡಿಂಗಿನಲ್ಲಿ ಇದ್ದೇ ಇದೆ, ಹೊರಗೆ ಬರೋಕೆ ಬಾಯಿಲ್ಲ ಅಷ್ಟೇ ಅಂದ. ಕೆಟ್ಟುಹೋದ ಬೇರೊಂದು ದೊಡ್ಡ ಲ್ಯಾಪ್‌ಟಾಪಿಂದ ಒಳ್ಳೇ ಸ್ಪೀಕರ್ ಬಿಚ್ಚಿ, ಪ್ಲಾಸ್ಟಿಕ್ ಉಜ್ಜಿ ಜಾಗ ಮಾಡಿ, ಕೂರಿಸೋಕೆ ಶುರು ಮಾಡಿದ.

ಅಮ್ಮನ ಜೊತೆಗೇ ಬಂದಿದ್ದ ಪುಟ್ಟಿ ಮಾತ್ರ ಬೇಡ ಅಂತಿತ್ತು. "ಅಪ್ಪ ಕಾಯಲ್ಲ ಆಮೇಲೆ" ಅಂತ. ಏನದು ಅಂತ ಕೇಳಿದ್ದಕ್ಕೆ ಅಕ್ಕ ಹೇಳಿದ್ರು: ಇವಳು ಹೂಂ ಅನ್ನೋವರೆಗೆ ಕತೆ ಮುಂದೆ ಹೋಗಲ್ಲ, ಅಲ್ಲೇ ನಿಂತಿರುತ್ತೆ, ಹಳೇ ಮೆಷಿನ್ ಅಲ್ವಾ, ಸಿಕ್ಕಿಹಾಕ್ಕೊಳ್ಳುತ್ತೆ. ಅಣ್ಣನೂ ಅದೇ ಇರಬೇಕು ಅಂದ. ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋ ಪೈಕಿ ಅಲ್ಲ ನಮ್ಮಣ್ಣ.

ಹೊಸ ಸ್ಪೀಕರಿನಲ್ಲಿ ಹಾಕಿದ. ದನಿ ಬಂತು ನೋಡಿ... ಮೇಜಿನ ಮೇಲಿದ್ದ ಸ್ಕ್ರೂ ಎಲ್ಲ ಗಿರಿಗಿರಿ ಅಂದ್ವು. ಅಕ್ಕ ಎರಡೂ ಕೈಲಿ ಬಾಯಿ ಮುಚ್ಚಿಕೊಂಡು ಅಲ್ಲೇ ಕುಸಿದು ಕೂತ್ರು. ಪುಟ್ಟಿ ಹೂಂ ಅಂತು. ಆದರೆ ಅದು ಹೂಂ ಅನ್ನೋ ಮೊದಲೇ ದನಿ ಮುಂದಿನ ಮಾತಿಗೆ ಹೋಗಿತ್ತು. ಮಗು ಮತ್ತೊಂದು ಸಲ ಅಂತು. ದನಿ ನಿಲ್ಲಲಿಲ್ಲ. "ಇದು ಯಾರು?" ಅಂತ ಕೇಳ್ತು ಮಗು.

ಬಿಚ್ಚಿದ ಸಾಮಾನನ್ನ ಶರ್ಟ್ ಜೇಬಿಗೆ ಹಾಕ್ಕೊಳ್ಳೋದು ಅಣ್ಣನ ಅಭ್ಯಾಸ. ಒಬ್ಬರದು ಇನ್ನೊಬ್ಬರದಕ್ಕೆ ಬೆರೆತು ಹೋಗಬಾರದು ಅಂತ. ಸಂಜೆ ಆಯಾ ಗಿರಾಕಿ ಹೆಸರು ಬರೆದು ಕವರಿಗೆ ಹಾಕಿಡ್ತಾನೆ. ಅವತ್ತು ಮರೆತ.

ಈಗ ಬಾವಿ ಹತ್ರ ಬನ್ನಿ.

"ಇಲಿ ಚೀಲದಿಂದ ತಲೆ ಹೊರಗೆ ಹಾಕ್ತು..." ಮತ್ತೆ ಅದೇ ಮಾತು. ಮತ್ತೆ ಸುಮ್ಮನೆ. ಏನೋ ಎದುರು ನೋಡೋ ಸುಮ್ಮನೆ ಅದು. ಅಣ್ಣನಿಗೆ ಜೀವ ಬಾಯಿಗೆ ಬಂತು. ಎಸೆಯೋಣ ಅಂದ್ರೆ ಜೇಬಿಗೆ ಕೈ ಹಾಕೋಕೆ ಧೈರ್ಯ ಇಲ್ಲ. ಓಡಿದ. ಓಡ್ತಾ ಇರೋವಾಗ ಇನ್ನೂ ಎರಡು ಸಲ ಕೇಳಿಸ್ತಂತೆ, ಒಂದಿಷ್ಟೂ ಅವಸರ ಇಲ್ಲದೆ.

ಮನೇಲಿ ಅತ್ತಿಗೆ ಮಲಗಿಬಿಟ್ಟಿದ್ರು. ಅಣ್ಣ ಸೀದಾ ಅಡುಗೆಮನೆಗೆ ಹೋಗಿ, ತೊಳೆದು ಒಣಗಿಸಿದ್ದ ಖಾಲಿ ಹಿಟ್ಟಿನ ಡಬ್ಬಕ್ಕೆ ಶರ್ಟ್ ಬಗ್ಗಿಸಿ ಅವೆರಡನ್ನೂ ಬೀಳಿಸಿದ. ಟಣ್, ಟಣ್. ಮುಚ್ಚಳ ಒತ್ತಿ ಹಾಕಿದ. ಬಂದು ಹೊದ್ದು ಮಲಗಿದ. ಗಡಿಯಾರ ಹನ್ನೊಂದೂ ಹತ್ತು.

ಟಿಕ್.

"ಇಲಿ ಚೀಲದಿಂದ ತಲೆ ಹೊರಗೆ ಹಾಕ್ತು..."

ಈ ಸಲ ದನಿ ಸಣ್ಣಗಿರಲಿಲ್ಲ. ಡಬ್ಬ ಸಿಕ್ಕಿದ್ದೇ ದನಿಗೆ ಮೈ ಬಂದಿತ್ತು. ಅಡುಗೆಮನೆ ಕಪಾಟಿನ ಲೋಟಗಳು ಅದುರಿದ್ವು... ಕಿಣಿಕಿಣಿ ಅಂತ.

ನಮ್ಮ ಅತ್ತಿಗೆಗೆ ಒಂದು ಅಭ್ಯಾಸ. ನಿದ್ದೇಲಿ ಯಾರು ಏನು ಕೇಳಿದ್ರೂ ಹೂಂ ಅಂತಾರೆ. ಅಣ್ಣ ಎಷ್ಟೋ ವಿಷಯಕ್ಕೆ ಹಾಗೇ ಒಪ್ಪಿಗೆ ತಗೊಂಡಿದ್ದಾನೆ, ಅದು ಬೇರೆ ಮಾತು. ಅವತ್ತು ಅತ್ತಿಗೆ ಮಗ್ಗುಲು ಬದಲಾಯಿಸಿ, ಕಣ್ಣು ಬಿಡದೆ, "ಹೂಂ" ಅಂದುಬಿಟ್ರು.

ಕತೆ ಮುಂದೆ ಹೋಯ್ತು.

ಅಣ್ಣ ದಿಂಬು ಎತ್ತಿ ಎರಡೂ ಕಿವಿಗೆ ಒತ್ತಿಕೊಂಡ. ದಿಂಬಿನ ಆಚೆ ದನಿ ಇದೆ ಅಂತ ಗೊತ್ತಾಗ್ತಿತ್ತೇ ಹೊರತು ಮಾತು ತಿಳೀತಿರಲಿಲ್ಲ. ಪಕ್ಕದಲ್ಲೇ ಇದ್ದಿದ್ದರಿಂದ ಅತ್ತಿಗೆ ಅನ್ನೋದು ಮಾತ್ರ ಕೇಳಿಸ್ತಿತ್ತು. ಹೂಂ... ಹೂಂ... ಹನ್ನೊಂದು ನಿಮಿಷ ಆಯ್ತು. ನಿಲ್ಲಲಿಲ್ಲ. ಅರ್ಧ ಗಂಟೆ ಆಯ್ತು. "ಅಯ್ಯೋ, ಆಮೇಲೆ?" ಅಂದ್ರು ಅತ್ತಿಗೆ. ಸ್ವಲ್ಪ ಹೊತ್ತಿನ ಮೇಲೆ, "ಮನೆ ಸಿಕ್ತಾ?" ಅಂದ್ರು. ತುಂಬ ಹೊತ್ತು ಏನೂ ಇಲ್ಲ. ಆಮೇಲೆ, "ಹೂಂ... ಸದ್ಯ" ಅಂತ ಉಸಿರು ಬಿಟ್ರು.

ಮತ್ತೆ ಸದ್ದಿಲ್ಲ. ಗಡಿಯಾರ ನೋಡಿದ. ಹನ್ನೆರಡಕ್ಕೆ ಐದು ನಿಮಿಷ.

ಬೆಳಗ್ಗೆ ಅತ್ತಿಗೇನ ಕೇಳಿದ, ರಾತ್ರಿ ಇಲಿ ಏನಾಯ್ತು ಅಂತ. "ಅಡುಗೆಮನೇಲಿ ಇಲಿ ಬಂತಾ?" ಅಂದ್ರಂತೆ ಅವರು. ಅವರಿಗೆ ಒಂದಕ್ಷರ ನೆನಪಿರಲಿಲ್ಲ.

ಅಣ್ಣ ಸ್ಪೀಕರ್ ತಗೊಂಡು ಟೈಲರ್ ಅಕ್ಕನ ಮನೆಗೆ ಓಡಿದ. ಅಕ್ಕನ ಕಣ್ಣು ಕೆಂಪಾಗಿತ್ತು. ಮಗು ರಾತ್ರಿಯಿಡೀ ಆ ಹೊಸ ದನಿ ಎದುರು ಕೂತು ಹೂಂ ಅಂದಿದ್ದೇ ಅಂದಿದ್ದು, ನಿದ್ದೆ ಮಾಡಿಲ್ಲ ಅಂದ್ರು. ಅಣ್ಣ ಹೊಲಿಗೆ ಮೇಜಿನ ಮೇಲೇ ಲ್ಯಾಪ್‌ಟಾಪ್ ಬಿಚ್ಚಿ ಹಳೇ ಸ್ಪೀಕರನ್ನ ಇದ್ದ ಹಾಗೆ ಬೆಸುಗೆ ಹಾಕಿ ಕೂರಿಸಿದ. ಸ್ಟೀಲ್ ತಟ್ಟೆ ಮೇಲಿಟ್ಟು ಹಾಕಿದ. ಅದೇ ಸಣ್ಣ ದನಿ ಬಂತು. ಪುಟ್ಟಿ ಹೂಂ ಅಂತು.

ದನಿ ಕಾಯಲಿಲ್ಲ.

ಹನ್ನೊಂದು ನಿಮಿಷ ಒಂದೇ ಸಮ ಓಡಿ, "ಉಳಿದಿದ್ದು ನಾಳೆ" ಅಂದು ನಿಂತಿತು. ಯಾರದೋ ಮೊಬೈಲಲ್ಲಿ ಓಡೋ ಯಾವುದೋ ರೆಕಾರ್ಡಿಂಗ್ ಹಾಗೆ. ಪುಟ್ಟಿ ಮುಚ್ಚಳ ಮಡಿಸ್ತು.

"ಅಪ್ಪ ಎಲ್ಲೋ ಹೇಳಿ ಮುಗಿಸಿಬಿಟ್ಟಿದ್ದಾರೆ" ಅಂತು.

ಅಣ್ಣನಿಗೆ ತಡೆಯೋಕಾಗಲಿಲ್ಲ. ಬಾವಿ, ಡಬ್ಬ, ಅತ್ತಿಗೆ, ಎಲ್ಲ ಹೇಳಿದ. ಅಕ್ಕ ನಂಬ್ತಾರೋ ಬೈತಾರೋ ಅಂತ ನೋಡ್ತಿದ್ದ. ಅವರು ಎರಡೂ ಮಾಡಲಿಲ್ಲ. ತುಂಬ ಮೆಲ್ಲಗೆ ಕೇಳಿದ್ರಂತೆ.

"ನೀವು ಕಿವಿ ಮುಚ್ಚಿಕೊಂಡ್ರಾ?"

ಅಣ್ಣ ತಲೆ ತಗ್ಗಿಸಿದ.

"ಎರಡು ವರ್ಷದಿಂದ ನಾವಿಬ್ಬರೂ ಕಿವಿ ತೆರ್ಕೊಂಡು ಕೂತಿದ್ದೀವಿ" ಅಂದ್ರು ಅಕ್ಕ.

ಅದೊಂದು ಮಾತನ್ನ ಅಣ್ಣ ಇವತ್ತಿಗೂ ಮರೆತಿಲ್ಲ. ಅವತ್ತು ಮಧ್ಯಾಹ್ನ ನಮ್ಮ ಮನೆಗೆ ಬಂದು ಇದನ್ನೆಲ್ಲ ಹೇಳ್ತಾ ಗಳಗಳ ಅತ್ತ. ದೆವ್ವಕ್ಕೆ ಹೆದರಿದ್ದಕ್ಕಲ್ಲ. ಆ ಮಗುವಿನ ಕತೆ ತನ್ನ ಮನೇಲಿ ಮುಗಿದುಹೋಯ್ತಲ್ಲ, ತಾನು ಕೇಳಿಸಿಕೊಂಡು ಅದಕ್ಕೆ ಮುಟ್ಟಿಸಬಹುದಿತ್ತಲ್ಲ, ಅಂತ. ನನಗೆ ದಿಗಿಲಾಯ್ತು, ಇವನಿಗೆ ಗಾಳಿ ಗೀಳಿ ಮೆಟ್ಟಿದೆ ಅಂದ್ಕೊಂಡು ಅವತ್ತು ರಾತ್ರಿ ಅವನ ಮನೇಲೇ ಉಳಿದೆ.

ಸಂಜೆ ಅಕ್ಕ ಪುಟ್ಟಿ ಕೈ ಹಿಡ್ಕೊಂಡು ಬಾಗಿಲಿಗೆ ಬಂದ್ರು. ಕತೆ ಕೇಳಿದ ಆ ಅತ್ತೆ ಪಕ್ಕ, ಅಂದ್ರೆ ನಮ್ಮ ಅತ್ತಿಗೆ ಪಕ್ಕ, ಒಂದು ರಾತ್ರಿ ಮಲಗ್ತೀನಿ ಅಂತ ಮಗೂದು ಒಂದೇ ಹಟವಂತೆ. ಅತ್ತಿಗೆ ಹಾಸಿಗೆ ಬಿಡಿಸಿದ್ರು. ಮಗು ಆ ಡಬ್ಬ ಬೇಕು ಅಂತು. ನಾನೇ ತಂದೆ. ಒಳಗೆ ಕೈ ಆಡಿಸಿ ನೋಡಿದೆ, ಖಾಲಿ, ಒಣಗಿತ್ತು. ಮುಚ್ಚಳ ಹಾಕಿ ಅವರ ತಲೆದೆಸೆಗೆ ಇಟ್ಟೆ. ಸ್ಪೀಕರ್ ಎರಡೂ ಅಕ್ಕನ ಮನೇಲಿ, ಲ್ಯಾಪ್‌ಟಾಪಿನ ಹೊಟ್ಟೆಯೊಳಗೆ. ಇದನ್ನ ಸರಿಯಾಗಿ ಕೇಳಿಸಿಕೊಳ್ಳಿ, ನಿಮ್ಮ ಕಿವಿಗೆ ಹೂವಿಡೋಕೆ ನನಗೇನೂ ಬೇಕಾಗಿಲ್ಲ.

ಬಾಗಿಲ ಹತ್ರ ಗೋಡೆಗೆ ಒರಗಿ ಕೂತೆ. ಈ ಪಕ್ಕ ಅಣ್ಣ, ಆ ಪಕ್ಕ ಅಕ್ಕ. ದೀಪ ಆರಿಸಿದ್ವಿ. ಅತ್ತಿಗೆ ಐದೇ ನಿಮಿಷಕ್ಕೆ ಗೊರಕೆ. ಹನ್ನೊಂದೂ ಹತ್ತು... "ಹೂಂ" ಅಂದ್ರು ಅತ್ತಿಗೆ.

ನನಗೆ ಬೇರೇನೂ ಕೇಳಿಸಲಿಲ್ಲ. ಮೈಯೆಲ್ಲ ಕಿವಿಯಾಗಿ ಕೂತಿದ್ದೆ, ಆದರೂ ಇಲ್ಲ. ಅಣ್ಣನೂ ಅಕ್ಕನೂ ಪಿಸುಗುಟ್ಟಿದ್ರು, ಕೇಳಿಸ್ತಿಲ್ಲ ಅಂತ. ಹೂಂ... ಮತ್ತೆ ಸ್ವಲ್ಪ ಹೊತ್ತು ಬಿಟ್ಟು, ಹೂಂ. ಆದರೆ ಆ ಎರಡು ಹೂಂಗಳ ನಡುವೆ, ಕತ್ತಲಲ್ಲಿ, ಪುಟ್ಟಿ ಒಂದು ಸಲ ಕಿಸಕ್ ಅಂತ ನಕ್ಕಿತು. ಅದು ಅತ್ತಿಗೆಗೆ ನಕ್ಕಿದ್ದಲ್ಲ. ಆಮೇಲೆ ಒಂದು ಸಲ ಮೂಗು ಎಳೀತು. "ಮನೆ ಸಿಕ್ತಾ?" ಅಂತ ಅತ್ತಿಗೆ ಕೇಳಿದಾಗ ಮಗೂನೂ ಜೊತೇಲೇ ಕೇಳ್ತು, ಪಿಸುದನೀಲಿ. ಎಷ್ಟೋ ಹೊತ್ತಾದ ಮೇಲೆ ಇಬ್ಬರೂ "ಹೂಂ" ಅಂದ್ರು.

ಅಕ್ಕ ನನ್ನ ಪಕ್ಕದ ಕತ್ತಲಲ್ಲಿ ಸದ್ದು ಬರದ ಹಾಗೆ ಅಳ್ತಿದ್ರು.

ಪುಟ್ಟಿ ಈಗ ಕಾಲೇಜಿಗೆ ಹೋಗ್ತಾಳೆ. ಆ ಲ್ಯಾಪ್‌ಟಾಪನ್ನ ಆಮೇಲೆ ಯಾವತ್ತೂ ಕೇಳಲಿಲ್ಲ. ಇಲಿಗೆ ಏನಾಯ್ತು ಅಂತ ಅವರಮ್ಮ ಎಷ್ಟು ಸಲ ಕೇಳಿದ್ರೂ, ಮನೆ ಸಿಕ್ತು ಅಂತಾಳಂತೆ, ಅದಕ್ಕಿಂತ ಹೆಚ್ಚು ಹೇಳಲ್ಲ. ಇದರಲ್ಲಿ ಒಂದು ಅಕ್ಷರ ಸುಳ್ಳಿಲ್ಲ, ಯಾರು ಬೇಕಾದ್ರೂ ಹೋಗಿ ಕೇಳಬಹುದು. ಆ ರಾತ್ರಿ ಕಳೆದು ಬೆಳಗ್ಗೆ ಎಲ್ಲರಿಗಿಂತ ಮೊದಲು ಎದ್ದವನು ನಾನು. ಡಬ್ಬದ ಮುಚ್ಚಳ ತೆಗೆದೆ. ಸ್ಟೀಲ್ ಲೋಟಕ್ಕೆ ಬಾಯಿಟ್ಟು ಮಾತಾಡಿದ್ರೆ ಮಸುಕಾಗುತ್ತಲ್ಲ, ಹಾಗೆ ಒಳಗೆಲ್ಲ ಉಸಿರಿನ ತೇವ ಇತ್ತು. ನಾನೇ ಬೆರಳಲ್ಲಿ ಒರೆಸಿದೆ.