ಟ್ಯಾಂಕಿನ ಮೇಲೆ ಸಿಡಿದ ಕೆಸರು

ನರರೋಗದ ಡಾಕ್ಟರ ಕೋಣೆಯ ಹೊರಗೆ ಕಣ್ಣು ಮುಚ್ಚಿ ಪದ್ಯ ಗುನುಗುತ್ತಿದ್ದ ಮೇಷ್ಟ್ರ ಕಿವಿ, ಪಕ್ಕದ ಬೆಂಚಿನ ಅಕ್ಕ-ತಮ್ಮನ ಮಾತಿಗೆ ತಾನಾಗಿಯೇ ವಾಲಿತು. ಅಕ್ಕನ ಮಡಿಲಲ್ಲಿ ತಮ್ಮ ಮಾಡಿದ ಅಂಗೈಯಗಲದ ಯುದ್ಧಟ್ಯಾಂಕಿನ ಮಾದರಿ. ಅದರ ಮೈತುಂಬ ಕೆಸರು ಸಿಡಿದಂತಿತ್ತು.

“ಇದನ್ನ ಯಾಕೋ ತಗೊಂಡ್ಬಂದೆ? ಟ್ಯಾಂಕಿಗೂ ಔಷಧಿ ಬರೆಸ್ತೀಯಾ?”

“ಡಾಕ್ಟರಿಗೆ ತೋರಿಸ್ಬೇಕು ಅಕ್ಕ.”

“ಬಹುಮಾನ ಬಂದಿದ್ದನ್ನಾ? ಕೆಸರು ನಿಜವಾಗ್ಲೂ ಸಿಡಿದ ಹಾಗಿದೆ ಅಂತ ಎಲ್ಲರೂ ಹೊಗಳಿದ್ರಲ್ಲ!”

“ಅದಕ್ಕೇ ಭಯ. ಬ್ರಷ್ಷಿಗೆ ಮಣ್ಣುಬಣ್ಣ ಹಚ್ಚಿ, ಕಡ್ಡಿಯಿಂದ ಮೀಟಿ ಸಿಡಿಸ್ಬೇಕು. ನಾನು ಮೀಟಲೇ ಇಲ್ಲ. ಸುಮ್ನೆ ಹಿಡ್ಕೊಂಡಿದ್ದೆ.”

“ಮತ್ತೆ?”

“ಕೈ ತಾನಾಗೇ ಸಿಡಿಸ್ತು.”

ಅಕ್ಕ ಟ್ಯಾಂಕನ್ನು ತಿರುಗಿಸಿ ಕೆಸರಿನ ಚುಕ್ಕೆಗಳನ್ನು ನೋಡಿದಳು.

“ಬಹುಮಾನ ಬಂದಾಗಲೇ ಹೇಳಬಾರದಿತ್ತೇನೋ?”

“ಎಲ್ಲರೂ ಚಪ್ಪಾಳೆ ತಟ್ತಿದ್ರು. ಅಕ್ಕ, ಅಪ್ಪಂಗೂ ಹೀಗೇ ಅಲ್ವಾ ಶುರುವಾಗಿದ್ದು? ಬಲಗೈಯಿಂದ?”

“ಬಿಡ್ತು ಅನ್ನು! ನಿಂಗೆ ನಿದ್ದೆ ಸಾಲ್ತಿಲ್ಲ, ಅಷ್ಟೇ.”

“ಹಾಗಂತ ಡಾಕ್ಟರೇ ಹೇಳ್ಲಿ.”

ನರ್ಸ್ ಬಂದು ಕರೆದಳು. ತಮ್ಮ ಎದ್ದ.

“ಅದನ್ನ ನೀನೇ ಹಿಡ್ಕೋ ಅಕ್ಕ. ನಾನು ಬೀಳಿಸಿಬಿಡ್ತೀನಿ.”

ಅಕ್ಕ ಒಂದು ಕೈಯಲ್ಲಿ ಟ್ಯಾಂಕು, ಇನ್ನೊಂದರಲ್ಲಿ ತಮ್ಮನ ಕೈ ಹಿಡಿದು ಒಳಗೆ ನಡೆದಳು. ಹೆಣೆದುಕೊಂಡ ಆ ಎರಡು ಕೈಗಳಲ್ಲಿ ನಡುಗುತ್ತಿದ್ದದ್ದು ಯಾರದ್ದೆಂದು ಮೇಷ್ಟ್ರಿಗೆ ತಿಳಿಯಲಿಲ್ಲ.