ಅವಳಿಗಳಲ್ಲಿ ತೀರಿಕೊಂಡವರು ಯಾರು ಎಂಬ ಬಗ್ಗೆ

ನಾನು, ಬೋರ್ಡ್ ಬರೆಯುವ ಪೇಂಟರ್‌ನ ಹೆಂಡತಿ, ವಯಸ್ಸು 34 ವರ್ಷ, ಹೊಲಿಗೆ ಕೆಲಸ, ವಾಸ ನೀರಿನ ಟ್ಯಾಂಕ್ ಹಿಂದಿನ ಓಣಿಯ ಕೊನೆಯ ಮನೆ, ಠಾಣೆಗೆ ಕರೆಸಿದ್ದರಿಂದ ಬಂದು ಈ ಮೂಲಕ ಹೇಳಿ ಬರೆಸುವುದೇನೆಂದರೆ:

ನನ್ನ ಗಂಡ ಮತ್ತು ಮೈದುನ ಅವಳಿಗಳು. ಗಂಡ ಹತ್ತು ನಿಮಿಷ ದೊಡ್ಡವರು. ಒಬ್ಬರ ಬದಲು ಇನ್ನೊಬ್ಬರು ಹೋಗಿ ನಿಲ್ಲುವುದು ಅವರ ಚಿಕ್ಕಂದಿನ ಚಾಳಿ. ಶಾಲೆಯಲ್ಲಿ ಅಣ್ಣನ ಪಾಲಿನ ಏಟನ್ನೂ ಮೈದುನನೇ ತಿನ್ನುತ್ತಿದ್ದನಂತೆ. ಮದುವೆಗೆ ಮಾತ್ರ ನಾನೇ ಬಂದಿದ್ದೆ ಎಂದು ನನ್ನ ಗಂಡ ನಗಿಸುತ್ತಿದ್ದರು.

ನನ್ನ ಗಂಡ ಹೊಸ ವೈರಸ್ ಲಸಿಕೆಯ ಪರೀಕ್ಷೆಗೆ ಸ್ವಂತ ಇಚ್ಛೆಯಿಂದ ಸೇರಿದ್ದರು. ಅಲ್ಲಿ ರಕ್ತ ತೆಗೆದು, ರೋಗ ತಡೆಯುವ ಪ್ರತಿಕಾಯ ಎಷ್ಟು ಹುಟ್ಟಿದೆ, ಹೃದಯಕ್ಕೆ ಲಿವರ್‌ಗೆ ಪೆಟ್ಟಾಗಿದೆಯೇ ಎಂದು ನೋಡುತ್ತಾರೆ. ಎರಡನೇ ಚುಚ್ಚುಮದ್ದಿನ ನಂತರ ತೆಗೆದ ರಕ್ತದಲ್ಲಿ ಪ್ರತಿಕಾಯ ಭರ್ತಿ ಇತ್ತು. ಆದರೆ ಮಂಗಳವಾರ ಬೆಳಿಗ್ಗೆ ಕೇಂದ್ರದ ನರ್ಸ್ ಫೋನ್ ಮಾಡಿ, ಹೃದಯದ ಸ್ನಾಯು ಊದಿಕೊಂಡಿರುವ ಗುರುತು ರಕ್ತದಲ್ಲಿ ಕಾಣುತ್ತಿದೆ, ಏಣಿ ಹತ್ತುವುದು ಬೇಡ, ಕೂಡಲೇ ಬಂದು ಮತ್ತೆ ರಕ್ತ ಕೊಡಿ ಎಂದರು. ಬಟ್ಟೆ ಅಂಗಡಿಯ ದೊಡ್ಡ ಬೋರ್ಡಿನ ಕೆಲಸ ಅಂದೇ ಶುರುವಾಗಿತ್ತು. ನನ್ನ ಗಂಡ ತಮ್ಮನ ಕೈಗೆ ಕೇಂದ್ರದ ಕಾರ್ಡ್ ಕೊಟ್ಟು, "ನಾನು ಗುಂಡುಕಲ್ಲಿನ ಹಾಗಿದ್ದೀನಿ, ನೀನೇ ಹೋಗಿ ಕೈ ಚಾಚಿ ಬಾರೋ" ಎಂದರು. ನಾನು ಬೇಡ ಎಂದೆ. ಇಬ್ಬರೂ ಒಟ್ಟಿಗೆ ನಕ್ಕರು.

ಸಂಜೆ ನರ್ಸ್ ಪುನಃ ಫೋನ್ ಮಾಡಿ, ಹೃದಯ ಊದಿದ ಗುರುತು ಈ ರಕ್ತದಲ್ಲಿ ಇಲ್ಲ, ಪ್ರತಿಕಾಯದ ಫಲಿತಾಂಶ ನಾಳೆ ಬರುತ್ತದೆ ಎಂದರು. ಬುಧವಾರ 10 ಗಂಟೆಗೆ ನನ್ನ ಗಂಡ ಏಣಿ ಹತ್ತಿದರು. ನಾನು ಬುತ್ತಿ ಕೊಡಲು ಹೋಗಿದ್ದೆ. 11.20ಕ್ಕೆ ಮೊದಲು ಕುಂಚ ಬಿತ್ತು, ಆಮೇಲೆ ಅವರು. 11.40ಕ್ಕೆ ಅವರ ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ನಾನೇ ಎತ್ತಿದೆ. ಕೇಂದ್ರದ ಡಾಕ್ಟರು, ನಿನ್ನೆಯ ರಕ್ತದಲ್ಲಿ ಪ್ರತಿಕಾಯವೇ ಇಲ್ಲ, ಅಷ್ಟಿದ್ದದ್ದು ಹೀಗೆ ಮಾಯವಾಗುವುದಿಲ್ಲ, ಇದು ಯಾರ ರಕ್ತ, ನಿಮ್ಮ ಯಜಮಾನರನ್ನು ಅಲುಗಾಡದಂತೆ ಕೂರಿಸಿ ಎಂದು ಕೂಗಿದರು. ಅವರು ಅಲುಗಾಡುತ್ತಿಲ್ಲ ಎಂದು ಹೇಳಿದೆ.

ಗುರುವಾರ ಮೈದುನ ನನ್ನ ಗಂಡನ ಬಣ್ಣದ ಕಲೆಯ ಅಂಗಿ ತೊಟ್ಟು ಮನೆ ಬಾಗಿಲು ತಟ್ಟಿದ. ಒಂದು ಗಳಿಗೆ, ಇವರು ಬಂದರು ಎಂದೇ ಖುಷಿಪಟ್ಟೆ. ಆ ಖುಷಿ ನೆನೆದರೆ ನನಗೆ ಈಗಲೂ ಭಯವಾಗುತ್ತದೆ. ಅದೇ ಅಂಗಿಯಲ್ಲಿ ಅವನು ಈ ಠಾಣೆಗೆ ಬಂದು, ತಾನೇ ಪೇಂಟರ್, ಸತ್ತವನು ತನ್ನ ತಮ್ಮ ಎಂದು ಬರೆಸಿದ್ದಾನೆ. ಇಂದು ನಾನು ಮಗಳನ್ನು ಹೊರಗೆ ಕೂರಿಸಿ ಒಳಗೆ ಬರುವಾಗ ಅವನು ಅಲ್ಲಿನ ಬೆಂಚಿನಿಂದ ಎದ್ದು, "ಅತ್ತಿಗೆ, ನಂಗೆ ಹಿಂದೆ ಮುಂದೆ ಯಾರಿದ್ದಾರೆ? ಸತ್ತಿದ್ದು ನಾನೇ ಅಂತ ಹೇಳ್ಬಿಡಿ. ಪಾಪುಗೆ ಅಪ್ಪ ಇರ್ಲಿ" ಎಂದ. ದನಿಯೂ ಅದೇ.

ತೀರಿಕೊಂಡವರು ನನ್ನ ಗಂಡ. ಅನುಮಾನವಿದ್ದರೆ ಬೆಂಚಿನ ಮೇಲಿರುವವನ ರಕ್ತ ಪರೀಕ್ಷೆ ಮಾಡಿಸಿ, ಅದರಲ್ಲಿ ಆ ಲಸಿಕೆಯ ಪ್ರತಿಕಾಯ ಇರುವುದಿಲ್ಲ. ಅವನ ಮೇಲೆ ನನ್ನ ದೂರಿಲ್ಲ. ಇಷ್ಟು ಬರೆಸುವಾಗ ಹೊರಗೆ ನನ್ನ ಮಗಳು ಅಪ್ಪಾ ಎಂದು ಕರೆದದ್ದು ಕೇಳಿಸಿತು. ಅವನು ಏನಮ್ಮಾ ಎಂದು ಓಗೊಟ್ಟ. ಸಾಹೇಬರು ಪೆನ್ ನಿಲ್ಲಿಸಿ ನನ್ನ ಮುಖ ನೋಡಿದರು. ನಾನು ಬರೆಯಿರಿ ಎಂದೆ.

ಬರೆದದ್ದನ್ನು ಓದಿಸಿ ಕೇಳಿದ್ದೇನೆ. ನಾನು ಹೇಳಿದಂತೆಯೇ ಇದೆ, ನಡೆದಂತೆಯೇ ಇದೆ.

ಸ್ಥಳ: ಠಾಣೆ
ದಿನ: ಶುಕ್ರವಾರ, ಮಧ್ಯಾಹ್ನ

ಸಹಿ
ಮೃತರ ಹೆಂಡತಿ